ಸಣ್ಣ ಸರ್ವಿಸ್ ಕಂಪೆನಿಗೆ ಎಐ ಹೇಗೆ ಬಳಸುವುದು? ಶುರು ಮಾಡ್ಬೇಕಾದ್ದು ಹಿರಿಯ ಮೆಕ್ಯಾನಿಕ್ಕಿನಿಂದ

ಕುಂಬಳೆ, ಬದಿಯಡ್ಕ, ಪೆರ್ಲ ಈ ಕಡೆ ಮೋಟರ್, ಪಂಪು, ಕಂಪ್ರೆಸರ್ ಸರ್ವಿಸ್ ಮಾಡುವ ನಮ್ಮಂಥ ನಾಕೈದು ಜನರ ಕಂಪೆನಿಗಳು ಸುಮಾರು ಉಂಟು. ನಮ್ಮ ಕಷ್ಟ ಎಂತದು ಅಂದ್ರೆ ಗಿರಾಕಿ ಫೋನ್ ಮಾಡುವುದು ಮಲಯಾಳದಲ್ಲಿ, ಮೆಕ್ಯಾನಿಕ್ ಮಾತಾಡುವುದು ತುಳುವಿನಲ್ಲಿ, ಮ್ಯಾನುವಲ್ ಇರುವುದು ಇಂಗ್ಲಿಷಿನಲ್ಲಿ, ನಾನು ಡೈರಿಯಲ್ಲಿ ಬರ್ಕೊಳ್ಳುವುದು ಕನ್ನಡದಲ್ಲಿ, ಹಾಗಾಗಿ ಹೋದ ವರ್ಷ ಇದೇ ಮೋಟರಿಗೆ ಎಂತ ಆಗಿತ್ತು ಅಂತ ಕೇಳಿದ್ರೆ ಯಾರ ಹತ್ರಾನೂ ಪೂರಾ ಉತ್ತರ ಇಲ್ಲ. ಎಐ ನಮಗೆ ಉಪಕಾರಕ್ಕೆ ಬಂದದ್ದು ಇಲ್ಲೇ. ಸೆನ್ಸರ್ ಕೂರಿಸುವುದೆಲ್ಲ ಆಮೇಲೆ ನೋಡುವ, ಶುರು ಮಾಡ್ಲಿಕ್ಕೆ ಕೈಯಲ್ಲಿರುವ ಫೋನೇ ಸಾಕು.

ಮೊದಲು ಮಾಡ್ಬೇಕಾದ್ದು, ನಿಮ್ಮಲ್ಲಿರುವ ಹಿರಿಯ ಮೆಕ್ಯಾನಿಕ್ಕನ್ನು ಕೂರಿಸಿ ಮಾತಾಡಿಸುವುದು. ನಮ್ಮಲ್ಲಿ ಒಬ್ರು ಇದ್ದಾರೆ, ಸ್ಕ್ರೂಡ್ರೈವರಿನ ತುದಿ ಬೇರಿಂಗ್ ಹೌಸಿಂಗಿಗೆ ಇಟ್ಟು ಹಿಡಿ ಕಿವಿಗೆ ಒತ್ತಿ ಇದು ಗ್ರೀಸಿನ ಸೌಂಡಾ ಬೇರಿಂಗ್ ಹೋದ ಸೌಂಡಾ ಹೇಳ್ತಾರೆ. ಆ ವಿದ್ಯೆ ಯಾವ ಎಐಗೂ ಗೊತ್ತಿಲ್ಲ, ಅವ್ರು ನಾಳೆ ಕೆಲಸ ಬಿಟ್ರೆ ನಮಗೂ ಇಲ್ಲ. ವಾರಕ್ಕೆ ಅರ್ಧ ಗಂಟೆ, ಒಂದೊಂದು ಮೆಶಿನಿನ ಬಗ್ಗೆ ಕೇಳಿ, ರೆಕಾರ್ಡ್ ಮಾಡಿ, ಎಐಗೆ ಕೊಟ್ಟು "ಲಕ್ಷಣ, ಕಾರಣ, ಮಾಡಿದ ಕೆಲಸ ಅಂತ ಮೂರು ಕಾಲಮ್ಮಿನಲ್ಲಿ ಬರೆ" ಅನ್ನಿ. 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಬಂದದ್ದು ನಿಜ, ಆದ್ರೆ ಬಾಯಿಮಾತಿನ ತುಳುವನ್ನು ನಂಬಿ ಕೆಲಸ ಮಾಡ್ಲಿಕ್ಕೆ ಇನ್ನೂ ಆಗುವುದಿಲ್ಲ, ಕನ್ನಡ ಅಥವಾ ಮಲಯಾಳದಲ್ಲಿ ನಿಧಾನ ಹೇಳ್ಲಿಕ್ಕೆ ಹೇಳಿ. ಬರೆದದ್ದನ್ನು ಮತ್ತೆ ಅವರ ಮುಂದೆ ಓದಿ, ತಪ್ಪು ಇದ್ರೆ ಅವ್ರೇ ಹಿಡೀತಾರೆ.

ಎರಡನೇದು ಜಾಬ್ ಕಾರ್ಡ್, ಅಂದ್ರೆ ಯಾವ ಮೆಶಿನಿಗೆ ಎಂತ ಕೆಲಸ ಮಾಡಿದ್ದು ಅಂತ ಬರೆದಿಡುವ ಚೀಟಿ. ಕೈಯೆಲ್ಲ ಗ್ರೀಸ್ ಆದವನ ಹತ್ರ ಕೂತು ಬರೆ ಅಂದ್ರೆ ಅವ ಬರೆಯುವುದಿಲ್ಲ, ಅದು ಅವನ ತಪ್ಪಲ್ಲ. ಸೈಟಿನಲ್ಲೇ ವಾಯ್ಸ್ ನೋಟ್ ಬಿಡ್ಲಿ, ಜೊತೆಗೆ ಮೋಟರಿನ ನೇಮ್ ಪ್ಲೇಟಿನ ಫೋಟೋ ಒಂದು. ಎಐ ಅದನ್ನು ಗಿರಾಕಿಗೆ ಮಲಯಾಳದಲ್ಲಿ, ನಿಮ್ಮ ಫೈಲಿಗೆ ಕನ್ನಡದಲ್ಲಿ ಮಾಡಿ ಕೊಡ್ತದೆ. ಇಲ್ಲಿ ಒಂದು ಜಾಗ್ರತೆ, ನಂಬ್ರ. ನಮ್ಮ ಹುಡುಗ ಬೇರಿಂಗಿನ ನಂಬ್ರ 6308 ಅಂತ ಹೇಳಿದ್ದು ಒಮ್ಮೆ 6309 ಅಂತ ಬರೆದು ಬಂತು. 6308ರ ಒಳಗಿನ ತೂತು 40 ಎಂಎಂ, 6309ರದ್ದು 45, ಕೊನೆಯ ಎರಡು ಅಂಕೆಗೆ ಐದರಿಂದ ಗುಣಿಸಿದ್ರೆ ಸಿಗುವ ಲೆಕ್ಕ ಇದು. ತಪ್ಪು ಬೇರಿಂಗ್ ಹಿಡ್ಕೊಂಡು ಪೆರ್ಲದವರೆಗೆ ಹೋಗಿ ವಾಪಸ್ ಬಂದ್ರೆ ಒಂದು ದಿನ ಹೋಯ್ತು, ಮಿಲ್ಲಿನವರ ಕೊಬ್ಬರಿ ಹಾಗೇ ಬಿದ್ದಿರ್ತದೆ. ಅದಕ್ಕೆ ಪಾರ್ಟ್ ನಂಬ್ರ ಬಾಯಲ್ಲಿ ಹೇಳುವುದು ಬೇಡ, ಫೋಟೋ ತೆಗೀರಿ, ಫೋಟೋ ನೋಡಿ ನೀವೇ ಟೈಪ್ ಮಾಡಿ.

ಮೂರನೇದು ಮ್ಯಾನುವಲ್. ಮೋಟರಿನ ಸ್ಪೀಡ್ ಕಂಟ್ರೋಲ್ ಮಾಡುವ ಡ್ರೈವಿನಲ್ಲಿ ಎರರ್ ಕೋಡ್ ಬಂತು ಅಂತ ಸುಮ್ನೆ ಚಾಟ್‌ಜಿಪಿಟಿಗೆ ಕೇಳ್ಬೇಡಿ, ಒಂದೇ ಕೋಡಿಗೆ ಒಂದೊಂದು ಕಂಪೆನಿಯಲ್ಲಿ ಒಂದೊಂದು ಅರ್ಥ, ಗೊತ್ತಿಲ್ಲದಿದ್ರೂ ಅದು ಗೊತ್ತಿದ್ದ ಹಾಗೆಯೇ ಹೇಳ್ತದೆ. ನೀವು ಸರ್ವಿಸ್ ಮಾಡುವ ಮೆಶಿನುಗಳ ಪಿಡಿಎಫ್ ಎಲ್ಲ ಒಟ್ಟು ಮಾಡಿ ಗೂಗಲಿನ ನೋಟ್‌ಬುಕ್‌ಎಲ್‌ಎಂ ಥರದ್ದರಲ್ಲಿ ಹಾಕಿ, ಅದು ನಾವು ಹಾಕಿದ್ದರಿಂದಲೇ ಉತ್ತರ ಹುಡುಕಿ ಎಲ್ಲಿಂದ ತೆಗೆದದ್ದು ಅಂತಾನೂ ತೋರಿಸ್ತದೆ. ಕೇಳುವಾಗ ಮಾಡೆಲ್ ನಂಬ್ರ ಪೂರಾ ಹಾಕಿ, "ಮ್ಯಾನುವಲಿನಲ್ಲಿ ಇದ್ದದ್ದು ಮಾತ್ರ ಹೇಳು, ಇಲ್ಲದಿದ್ರೆ ಇಲ್ಲ ಅಂತ ಹೇಳು" ಅಂತ ಸೇರಿಸಿ. ಆಮೇಲೆ ಆ ಪೇಜ್ ತೆಗೆದು ಕಣ್ಣಲ್ಲಿ ನೋಡಿ, ಇದನ್ನು ಬಿಡ್ಲೇಬೇಡಿ.

ರೀಡಿಂಗಿನ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಎಐ ಎಡವುವುದು ಇಲ್ಲಿ ಹೆಚ್ಚು. ಐಸ್ ಪ್ಲಾಂಟಿನ ಅಮೋನಿಯ -10 ಡಿಗ್ರಿಯಲ್ಲಿ ಕುದಿಯುವ ಪ್ರೆಶರ್ ಆಬ್ಸಲ್ಯೂಟ್ ಲೆಕ್ಕದಲ್ಲಿ (ಹೊರಗಿನ ಗಾಳಿಯ ಪ್ರೆಶರೂ ಸೇರಿಸಿ) ಸುಮಾರು 2.9 ಬಾರ್, ಆದ್ರೆ ನಮ್ಮ ಗೇಜಿನಲ್ಲಿ ಕಾಣುವುದು 1.9, ಪಿಎಸ್‌ಐಯಲ್ಲಿ 27ರಿಂದ 28. ಬರೀ "ಸಕ್ಷನ್ 28" (ಕಂಪ್ರೆಸರ್ ಎಳೆಯುವ ಬದಿಯ ಪ್ರೆಶರ್) ಅಂತ ಕೊಟ್ರೆ ಅದು ಯಾವ ಲೆಕ್ಕ ಹಿಡಿಯಿತೋ ದೇವರಿಗೇ ಗೊತ್ತು, ಹಾಗಾಗಿ ಯೂನಿಟ್ಟೂ ಗೇಜ್ ಅಂತಾನೂ ಬರೆದು ಕೇಳಿ. ಮೋಟರಿನ ಇನ್ಸುಲೇಶನ್ ಚೆಕ್ ಮಾಡುವ ಮೆಗ್ಗರ್ ಹಾಕುವ ಸ್ಟೆಪ್ ಕೇಳಿದಾಗ ನಮಗೆ ಬಂದ ಉತ್ತರದಲ್ಲಿ ಡ್ರೈವಿನ ಕೇಬಲ್ ಬಿಡಿಸುವ ಮಾತೇ ಇರ್ಲಿಲ್ಲ, ಬಿಡಿಸದೆ 500 ವೋಲ್ಟ್ ಕೊಟ್ರೆ ಡ್ರೈವ್ ಸುಟ್ಟೇ ಹೋಗಬಹುದು. ಅಮೋನಿಯ ಲೀಕ್, ಸೇಫ್ಟಿ ವಾಲ್ವ್, ಟ್ರಿಪ್ ಬೈಪಾಸ್ (ಅಪಾಯ ಆದಾಗ ಮೆಶಿನನ್ನು ತಾನೇ ನಿಲ್ಲಿಸುವ ವ್ಯವಸ್ಥೆಯನ್ನು ತಪ್ಪಿಸುವುದು), ಇಂಥದ್ದನ್ನು ಎಐಗೆ ಕೇಳಿ ತೀರ್ಮಾನ ಮಾಡುವುದೇ ಬೇಡ, ಅಲ್ಲಿ ಜೀವದ ಪ್ರಶ್ನೆ ಉಂಟು.

ಗಿರಾಕಿಯ ಹೆಸ್ರು, ಫೋನ್ ನಂಬ್ರ ಹಾಕ್ಬೇಡಿ, "ಮಿಲ್ 3, ಮೋಟರ್ 2" ಅಂತ ಗುರ್ತು ಇಟ್ಟುಕೊಳ್ಳಿ. ನಮ್ಮ ಮಾಹಿತಿಯನ್ನು ಟ್ರೈನಿಂಗಿಗೆ ಬಳಸುವ ಸೆಟ್ಟಿಂಗ್ ಇದ್ರೆ ಅದನ್ನೂ ಆಫ್ ಮಾಡಿ.

ಐದಾರು ತಿಂಗಳ ಜಾಬ್ ಕಾರ್ಡ್ ಆದ ಮೇಲೆ ಒಟ್ಟಿಗೆ ಶೀಟಿಗೆ ಹಾಕಿ, ಎರಡನೇ ಸಲ ಬಂದ ಮೆಶಿನ್ ಯಾವುದು, ಯಾವ ತಿಂಗಳಲ್ಲಿ ಅಂತ ಕೇಳಿ. ನಮ್ಮ ಹಳೇ ಡೈರಿಯ ಪೇಜುಗಳ ಫೋಟೋನೂ ಸೇರಿಸಿ ಕೊಟ್ಟಾಗ ಒಂದು ಎಣ್ಣೆ ಮಿಲ್ಲಿನ 10 ಎಚ್‌ಪಿ ಮೋಟರು ಮೂರು ವರ್ಷವೂ ಆಟಿಯಲ್ಲೇ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಸುಟ್ಟದ್ದು ಕಂಡಿತು, ಪ್ರತಿ ಸಲ ವೈಂಡಿಂಗ್ ಮಾಡಿ ಕೊಟ್ಟು ಬಂದ ನಮಗೇ ಅದು ಗಮನಕ್ಕೆ ಬಂದಿರ್ಲಿಲ್ಲ. ಹೋಗಿ ನೋಡಿದ್ರೆ ಹಿಂದಿನ ಗೋಡೆಯಿಂದ ಮಳೆನೀರು ಇಳಿದು ಮೋಟರಿನ ಟರ್ಮಿನಲ್ ಬಾಕ್ಸ್ ಪೂರಾ ಒದ್ದೆ, ಮೆಗ್ಗರಿನಲ್ಲಿ 1 ಮೆಗಾ ಓಮ್ ಕೂಡ ಇಲ್ಲ, ಇಂಥ ಮೋಟರಿಗೆ ಕಡಿಮೆ ಅಂದ್ರೂ 5 ಇರ್ಬೇಕು. ಮೇಲೆ ತಗಡು ಹಾಕಿಸಿ, ಬಾಕ್ಸಿಗೆ ಹೊಸ ಗ್ಯಾಸ್ಕೆಟ್ ಕೂರಿಸಿ, ಮೋಟರ್ ಒಣಗಿಸಿ ಕೊಟ್ಟೆವು. ಅವರ ಉಳಿದ ಎರಡು ಮೋಟರಿನ ರೀಡಿಂಗೂ ಇನ್ನು ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮೊದಲೇ ತೆಗೆಯುವುದು ಅಂತ ಶೀಟಿನಲ್ಲಿ ಬರೆದಿಟ್ಟಿದ್ದೇವೆ.