ತೆಳುನೀರಿಗೆ ದೋಣಿಯ ಎಂಜಿನ್ ಹೊಂದಿಸುವ ಬಗೆ

ಕುಂದಾಪುರದ ಪಂಚಗಂಗಾವಳಿಯಂಥ ಅಳಿವೆಯಲ್ಲಿ ಇಳಿತದ ಹೊತ್ತಿಗೆ ದೋಣಿ ಹೊರಡಿಸಿದವರಿಗೆ, ಕಣ್ಣಿಗೆ ಅಗಲವಾಗಿ ಕಾಣುವ ನೀರು ಎಷ್ಟೋ ಕಡೆ ಮೊಣಕಾಲುದ್ದವೂ ಇರುವುದಿಲ್ಲವೆಂಬುದು ಗೊತ್ತು. ಅಲ್ಲಿ ದೋಣಿಯ ಹಿಂಬದಿ ಹಲಗೆಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿನ ಬಾಗು, ಅಂದರೆ ಮೆಕ್ಯಾನಿಕ್ಕುಗಳು ಟ್ರಿಮ್ ಎನ್ನುವುದು, ತಪ್ಪಿದ್ದರೆ ಪ್ರೊಪೆಲರ್ ನೀರನ್ನು ಬಿಟ್ಟು ಹೂಳನ್ನು ಕಡೆಯತೊಡಗುತ್ತದೆ. ಖಾಲಿ ದೋಣಿಯನ್ನು ದಡಕ್ಕೆ ಕಟ್ಟಿ, ಕಣ್ಣಳತೆಯಲ್ಲೇ ಬಾಗು ನಿಲ್ಲಿಸುವ ಪಿನ್ನು ಸಿಕ್ಕಿಸಿ, ಆಮೇಲೆ ಬಲೆ, ಐಸ್ ಪೆಟ್ಟಿಗೆ, ಮೂವರು ಜನ ಎಲ್ಲವನ್ನೂ ಹೇರಿಕೊಂಡು ಹೊರಡುವವರನ್ನು ನಾನು ನೋಡುತ್ತಲೇ ಬಂದಿದ್ದೇನೆ. ಹೊರೆ ಬದಲಾದ ಕೂಡಲೇ ಆ ಅಳತೆ ನಿಷ್ಪ್ರಯೋಜಕವಾಗುತ್ತದೆ.

ಮೊದಲು ಎತ್ತರ. ಪ್ರೊಪೆಲರಿನ ಮೇಲಿರುವ ಚಪ್ಪಟೆ ತಟ್ಟೆಯು ದೋಣಿಯ ತಳದ ಸಮಕ್ಕೆ, ಹೆಚ್ಚೆಂದರೆ ಒಂದು ಅಂಗುಲ ಕೆಳಗೆ ಇರಬೇಕು. 15 ಅಂಗುಲದ ಹಿಂಬದಿ ಹಲಗೆಗೆ 20 ಅಂಗುಲದ ಉದ್ದ ಕಾಲಿನ (ಕಾಲು ಅಂದರೆ ನೀರಿಗಿಳಿಯುವ ಕೆಳಭಾಗ) ಎಂಜಿನ್ ಕೂರಿಸಿದ್ದರೆ ಪಿನ್ನನ್ನು ಎಷ್ಟು ಬದಲಿಸಿದರೂ ಫಲವಿಲ್ಲ; ಮೊದಲು ಹಲಗೆಯನ್ನು ಎತ್ತರಿಸಿಕೊಳ್ಳಬೇಕು.

ಇನ್ನು ಬಾಗು. ಹೆಚ್ಚಿನವರು ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಂಜಿನ್ನನ್ನು ಹಲಗೆಗೆ ಸಿಕ್ಕಿಸುವ ಲೋಹದ ಬ್ರ್ಯಾಕೆಟ್ಟಿನಲ್ಲಿ ಸಾಲಾಗಿ ನಾಲ್ಕೈದು ತೂತುಗಳಿರುತ್ತವೆ. ಅಡ್ಡಪಿನ್ನನ್ನು ದೋಣಿಯ ಕಡೆಯ ತೂತಿಗೆ ಹಾಕಿದರೆ ಎಂಜಿನ್ನಿನ ಕಾಲು ಹಲಗೆಗೆ ಹತ್ತಿರ ಬಂದು ದೋಣಿಯ ಮೂತಿ ತಗ್ಗುತ್ತದೆ. ಹೊರಗಿನ ತೂತಿಗೆ ಹಾಕಿದರೆ ಮೂತಿ ಏಳುತ್ತದೆ. ತೆಳುನೀರೆಂದರೆ ಕಾಲನ್ನು ಆದಷ್ಟು ಹೊರಗೆ ಚಾಚಿಡಬೇಕೆಂಬುದು ಸಾಮಾನ್ಯ ನಂಬಿಕೆ. ಆದರೆ ಮೂತಿ ಏರಿದಷ್ಟೂ ಹಿಂಬದಿ ಕುಸಿಯುವುದರಿಂದ, ಪ್ರೊಪೆಲರನ್ನು ಒಂದಂಗುಲ ಮೇಲೆತ್ತಿದ ಲಾಭವನ್ನು ಹಿಂಬದಿಯ ಕುಸಿತವೇ ನುಂಗಿ ಹಾಕುತ್ತದೆ. ಪಿನ್ನು ಮುಟ್ಟುವ ಮೊದಲು ಇಂಧನದ ಕ್ಯಾನನ್ನೂ ಐಸ್ ಪೆಟ್ಟಿಗೆಯನ್ನೂ ನಡುವಿಗೋ ಮುಂದಕ್ಕೋ ಸರಿಸಿ ನೋಡಿ. ಎಷ್ಟೋ ದೋಣಿಗಳಿಗೆ ಬೇಕಾದ ಮದ್ದು ಅಷ್ಟೇ ಆಗಿರುತ್ತದೆ.

ಹೊರೆ ಸರಿಪಡಿಸಿದ ಮೇಲೆ ಪಿನ್ನನ್ನು ನಡುವಿನ ತೂತಿಗೆ ಹಾಕಿ, ಭರತದ ನಿಂತ ನೀರಿನಲ್ಲಿ, ದಿನನಿತ್ಯದ ಜನ ಮತ್ತು ಸಾಮಾನಿನೊಂದಿಗೆ ನೇರವಾಗಿ ಇನ್ನೂರು ಮೀಟರ್ ಓಡಿಸಿ. ಮೂತಿ ನೀರನ್ನು ಬಗೆಯುತ್ತಾ ಮುಂದೆ ತಳ್ಳುತ್ತಿದ್ದರೆ, ದೋಣಿ ತಿರುಗಿಸುವ ಹಿಡಿ ಭಾರವಾಗಿ ದೋಣಿ ಅತ್ತಿತ್ತ ಎಳೆದರೆ, ಪಿನ್ನನ್ನು ಒಂದು ತೂತು ಹೊರಗೆ ಸರಿಸಿ. ಮೂತಿ ಎದ್ದು ಬಿದ್ದು ಕುಣಿಯುತ್ತಿದ್ದರೆ ಒಂದು ತೂತು ಒಳಗೆ ತನ್ನಿ. ಎಂಜಿನ್ ಕೂಗು ಒಮ್ಮೆಲೇ ಏರಿ ದೋಣಿ ಮಾತ್ರ ಮುಂದೆ ಹೋಗದಿದ್ದರೆ ಪ್ರೊಪೆಲರ್ ಗಾಳಿ ಹೀರುತ್ತಿದೆ ಎಂದರ್ಥ. ಕಾಲು ಅತಿಯಾಗಿ ಹೊರಗೆ ಚಾಚಿದೆ, ಇಲ್ಲವೇ ಎಂಜಿನ್ನೇ ಎತ್ತರಕ್ಕೆ ಕೂತಿದೆ. ಒಂದು ಸಲಕ್ಕೆ ಒಂದೇ ತೂತು ಬದಲಿಸಬೇಕು, ಪ್ರತಿ ಸಲವೂ ಎಂಜಿನ್ ನಿಲ್ಲಿಸಿಯೇ ಬದಲಿಸಬೇಕು. ಓಡುವಾಗ ಪ್ರೊಪೆಲರಿನ ಮೇಲಿನ ಆ ತಟ್ಟೆ ನೀರಿನ ಮೈಗೆ ಸಮಾಂತರವಾಗಿದ್ದು, ಹಿಂದೆ ಬಿಳಿಯ ನೊರೆ ನೇರವಾಗಿ ಹರಿದುಹೋಗುತ್ತಿದ್ದರೆ ಸರಿಯಾಗಿದೆ. ನೊರೆಯಲ್ಲಿ ಚಹಾದ ಬಣ್ಣ ಕಂಡರೆ ತಳದ ಕೆಸರು ಏಳುತ್ತಿದೆಯೆಂದು ತಿಳಿದು ಎಂಜಿನ್ನನ್ನು ಕೂಡಲೇ ನಿಲ್ಲಿಸಿ, ಜಲ್ಲೆ ಹಿಡಿಯಿರಿ.

ಕೆಸರಿನ ವಿಷಯದಲ್ಲಿ ಉದಾಸೀನ ಸಲ್ಲದು. ಅಮೆರಿಕದ ಲೂಯಿಸಿಯಾನದ ಜೌಗಿನಲ್ಲಿ ಓಡುವ ಮಡ್ ಮೋಟರುಗಳು ಗಾಳಿಯಿಂದಲೇ ತಣಿಯುವುದರಿಂದ ಕೆಸರನ್ನು ಸೀಳಿಕೊಂಡು ಹೋಗುತ್ತವೆ. ನಮ್ಮ ಔಟ್‌ಬೋರ್ಡುಗಳು ಕಾಲಿನ ಬದಿಯ ಜಾಲರಿಯಿಂದ ನೀರು ಹೀರಿ ತಣಿಯುವಂಥವು. ಕಾಲನ್ನು ಅತಿಯಾಗಿ ಎತ್ತಿದರೆ ಜಾಲರಿ ನೀರಿನಿಂದ ಹೊರಬರುತ್ತದೆ, ಅತಿಯಾಗಿ ಇಳಿಸಿದರೆ ಮರಳು ಹೀರಿ ಪಂಪಿನ ರಬ್ಬರ್ ಸವೆಯುತ್ತದೆ. ಎಂಜಿನ್ ಹಿಂದೆ ಚಿಮ್ಮುವ ಸಣ್ಣ ನೀರಿನ ಎಳೆ ಸೊರಗಿದರೆ ಮುಂದಕ್ಕೆ ಹೋಗಲೇಬೇಡಿ. ಕೆಲವು ಎಂಜಿನ್‌ಗಳಲ್ಲಿ ತೆಳುನೀರಿಗೆಂದೇ ಕಾಲನ್ನು ಎತ್ತಿ ನಿಲ್ಲಿಸುವ ಹಿಡಿ ಇರುತ್ತದೆ. ಅದನ್ನು ಅತಿ ನಿಧಾನದ ಓಟದಲ್ಲಿ ಮಾತ್ರ ಬಳಸಿ. ಆಗ ಎಂಜಿನ್ ಮೇಲೇಳದಂತೆ ತಡೆಯುವ ರಿವರ್ಸ್ ಬೀಗ ಹಿಡಿಯುವುದಿಲ್ಲವಾದ್ದರಿಂದ ಹಿಂದಕ್ಕೆ ಹೊರಟರೆ ಎಂಜಿನ್ ಮೇಲಕ್ಕೆ ಚಿಮ್ಮುತ್ತದೆ.

ಹಲಗೆಯ ಓರೆ ತಪ್ಪಿದೆಯೆಂದು ಹಳೆ ಟಯರಿನ ತುಂಡನ್ನು ತುರುಕುವವರಿದ್ದಾರೆ. ರಬ್ಬರ್ ಅಮುಕಿಕೊಂಡು ತಿರುಪು ಸಡಿಲವಾಗುತ್ತದೆ. ನನ್ನ ದೋಣಿಯಲ್ಲಿ ಅದು ಒಮ್ಮೆ ನಡೆದು, ಎಂಜಿನ್ ನೀರಿಗೆ ಬೀಳದಂತೆ ತಡೆದದ್ದು ಕಟ್ಟಿದ್ದ ಹಗ್ಗವೊಂದೇ. ಬೆಣೆ ಬೇಕಾದರೆ ಹಲಗೆಯಷ್ಟೇ ಅಗಲದ ಗಟ್ಟಿ ಮರದ್ದನ್ನೇ ಹಾಕಿಸಿ. ಕಳೆದುಹೋದ ಪಿನ್ನಿಗೆ ಬದಲಾಗಿ ಕಬ್ಬಿಣದ ಮೊಳೆ ಹಾಕುವುದೂ ಅಷ್ಟೇ ಕೆಟ್ಟದ್ದು. ಉಪ್ಪುನೀರಿನಲ್ಲಿ ಅದು ತುಕ್ಕು ಹಿಡಿದು ತೂತಿಗೇ ಕಚ್ಚಿಕೊಳ್ಳುತ್ತದೆ. ತಟ್ಟೆಗೆ ತೂತು ಕೊರೆದು ಕೂರಿಸುವ ಪ್ಲಾಸ್ಟಿಕ್ ರೆಕ್ಕೆಗಳನ್ನು ನಾನಂತೂ ಕೊಳ್ಳುವುದಿಲ್ಲ.

ಇಷ್ಟಾದ ಮೇಲೂ ದೋಣಿ ಒಂದೇ ಬದಿಗೆ ಎಳೆದರೆ, ತಟ್ಟೆಯ ಕೆಳಗಿನ ಪುಟ್ಟ ರೆಕ್ಕೆಯ ಬೋಲ್ಟನ್ನು ಸಡಿಲಿಸಿ, ಅದರ ಹಿಂತುದಿಯನ್ನು ದೋಣಿ ಎಳೆಯುವ ಕಡೆಗೇ ತುಸು ತಿರುಗಿಸಿ. ಸಣ್ಣ ಎಂಜಿನ್‌ಗಳಲ್ಲಿ ಈ ರೆಕ್ಕೆ ಇಲ್ಲದಿರಬಹುದು. ಕೊನೆಗೆ ಗೊತ್ತಾದ ತೂತಿನ ಪಕ್ಕ ಬಣ್ಣದ ಚುಕ್ಕೆಯಿಟ್ಟು, ಮೊದಲ ಓಟದ ನಂತರ ಹಲಗೆಯ ತಿರುಪುಗಳನ್ನು ಮತ್ತೊಮ್ಮೆ ಬಿಗಿಮಾಡಿ.