ಎಆರ್‌ಜಿ ಒಗಟನ್ನು ಗುಂಪಾಗಿ ಬಿಡಿಸುವುದು: ಮೂಲ ಫೈಲ್‌ನಿಂದ ಖಚಿತ ಉತ್ತರದವರೆಗೆ

ನಿಜ ಜಗತ್ತಿನ ವೆಬ್ ಪುಟ, ಫೋನ್, ಜಾಗಗಳಲ್ಲೇ ಕಥೆ ಹರಡಿಕೊಂಡಿರುವ ಒಗಟಿನ ಆಟವಾದ ಆಲ್ಟರ್ನೇಟ್ ರಿಯಾಲಿಟಿ ಗೇಮ್, ಅಂದರೆ ಎಆರ್‌ಜಿಯಲ್ಲಿ ಆಟಗಾರರ ಕೈಗೆ ಸಿಗುವುದು ಒಂದು ಚಿತ್ರ, ಒಂದು ಧ್ವನಿಮುದ್ರಣ ಅಥವಾ ತಲೆಬುಡ ತಿಳಿಯದ ನಾಲ್ಕು ಸಾಲು. ನಿಯಮ ಏನೆಂದು ಯಾರೂ ಹೇಳುವುದಿಲ್ಲ. 2001ರಲ್ಲಿ ‘ದ ಬೀಸ್ಟ್’ ಆಟ ನಡೆದಾಗ ಕ್ಲೌಡ್‌ಮೇಕರ್ಸ್ ಎಂಬ ಸಾವಿರಾರು ಜನರ ಗುಂಪು ಒಗಟುಗಳನ್ನು ತಯಾರಕರ ಎಣಿಕೆ ಮೀರಿದ ವೇಗದಲ್ಲಿ ಬಿಡಿಸಿತು; ಒಬ್ಬರಿಗೆ ಬಾರದ್ದು ಇನ್ನೊಬ್ಬರಿಗೆ ಬರುತ್ತಿತ್ತು. ಆದರೆ ತಲೆಗಳು ಹೆಚ್ಚಿದಷ್ಟೂ ಗೊಂದಲವೂ ಹೆಚ್ಚು. ಗುಂಪು ದಿನಗಟ್ಟಲೆ ನಿಂತುಬಿಡುವುದಕ್ಕೆ ಸೈಫರ್, ಅಂದರೆ ಗುಪ್ತಲಿಪಿ, ಕಠಿಣವಾಗಿರುವುದು ಕಾರಣವಾಗುವುದು ಅಪರೂಪ. ಕೆಟ್ಟ ನಕಲಿನ ಮೇಲೆ ಕೆಲಸ ಮಾಡುವುದು, ಆಗಲೇ ಮಾಡಿ ನೋಡಿದ್ದನ್ನು ಸರಿಯಾಗಿ ಬರೆದಿಡದಿರುವುದು, ಈ ಎರಡೇ ಹೆಚ್ಚಿನ ಸಮಯ ನುಂಗುತ್ತವೆ. ಹಾಗಾಗಿ ಇಲ್ಲಿ ಅವಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಬಿಡಿಸುವ ಮೊದಲು ಉಳಿಸಿ

ಸುಳಿವು ಕಂಡವರು ಮೊದಲು ಫೈಲನ್ನು ಇದ್ದದ್ದು ಇದ್ದ ಹಾಗೆ ಡೌನ್‌ಲೋಡ್ ಮಾಡಿಕೊಳ್ಳಬೇಕು. ಸ್ಕ್ರೀನ್‌ಶಾಟ್‌ನಲ್ಲಿ ಕಣ್ಣಿಗೆ ಕಾಣುವುದಷ್ಟೇ ಉಳಿಯುತ್ತದೆ, ಒಳಗಿನದು ಹೋಗುತ್ತದೆ. ವಾಟ್ಸ್ಆ್ಯಪ್, ಟೆಲಿಗ್ರಾಂಗಳಲ್ಲಿ ಫೋಟೋ ಎಂದು ಕಳಿಸಿದರೂ ಅದೇ ಗತಿ. ಚಿತ್ರ ಮತ್ತೆ ಕುಗ್ಗುತ್ತದೆ, ಎಕ್ಸಿಫ್ ಮಾಹಿತಿ (ಫೈಲ್ ಒಳಗೆ ದಾಖಲಾಗುವ ಸಮಯ, ಜಾಗ, ಕ್ಯಾಮೆರಾ ವಿವರ) ಅಳಿಸಿಹೋಗುತ್ತದೆ, ಪಿಕ್ಸೆಲ್‌ಗಳ ಕೊನೆಯ ಬಿಟ್‌ನಲ್ಲಿ ಏನಾದರೂ ಅಡಗಿದ್ದರೆ ಅದೂ ನಾಶ. ಡಾಕ್ಯುಮೆಂಟ್ ಅಥವಾ ಫೈಲ್ ಆಗಿಯೇ ಕಳಿಸಿ, ಇಲ್ಲವೇ ಜಿಪ್ ಮಾಡಿ ಹಂಚಿ. ಜೊತೆಗೆ ಫೈಲ್‌ನ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲ್‌ನಿಂದ ಲೆಕ್ಕಹಾಕಿ ತೆಗೆದ ಬೆರಳಚ್ಚಿನಂಥ ಗುರುತು, ಹಾಕಿ. ಅದು 64 ಅಕ್ಷರಗಳಷ್ಟು ಉದ್ದ, ಆದರೆ ಎಲ್ಲರ ಬಳಿ ಇರುವುದು ಒಂದೇ ಫೈಲ್ ತಾನೇ ಎಂದು ನೋಡಲು ಮೊದಲ 8 ಹೊಂದಿದರೆ ಸಾಕು. “ನನಗೆ ಏನೂ ಬರ್ತಿಲ್ಲವಲ್ಲ” ಎಂದು ಯಾರಾದರೂ ಹೇಳಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಈ 8 ಅಕ್ಷರ ಯಾವುವು ಎಂಬುದು.

ವೆಬ್ ಪುಟವಾದರೆ ಪುಟದ ಸೋರ್ಸ್ ಉಳಿಸಿಕೊಂಡು, ಹಳೆಯ ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲೂ ಒಂದು ಪ್ರತಿ ಮಾಡಿಸಿ. ಪಪೆಟ್‌ಮಾಸ್ಟರ್‌ಗಳು, ಅಂದರೆ ಆಟ ನಡೆಸುವವರು, ಪುಟವನ್ನು ಸದ್ದಿಲ್ಲದೆ ಬದಲಿಸುವುದುಂಟು. ಎರಡು ಪ್ರತಿಗಳ ನಡುವಿನ ವ್ಯತ್ಯಾಸವೇ ಸುಳಿವಾಗಿರುವುದೂ ಉಂಟು. ಸಮಯವನ್ನು ಎಲ್ಲರೂ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಗಡಿಯಾರದಲ್ಲೇ) ಬರೆಯಿರಿ.

ಪಠ್ಯದ ಸುಳಿವು ಸುಲಭವೆಂದು ಕಂಡರೂ ಕೆಡುವುದು ಅದೇ ಹೆಚ್ಚು. ಗುಂಪು ಚಾಟ್‌ನ ಆ್ಯಪ್ ಡಿಸ್ಕಾರ್ಡ್‌ನಲ್ಲಿ ಹಾಗೇ ಅಂಟಿಸಿದರೆ ಎರಡು ನಕ್ಷತ್ರ ಚಿಹ್ನೆಗಳ ನಡುವಿನ ಪದ ಓರೆಯಾಗಿ, ಆ ಚಿಹ್ನೆಗಳೇ ಮಾಯವಾಗುತ್ತವೆ. ಮೂರು ಬ್ಯಾಕ್‌ಟಿಕ್ (`) ಹಾಕಿ ಕೋಡ್ ಬ್ಲಾಕ್ ಒಳಗೆ ಇಡಿ, ಅಲ್ಲಿ ಎಲ್ಲ ಇದ್ದ ಹಾಗೇ ಉಳಿಯುತ್ತದೆ. ಮೊಬೈಲ್‌ನಲ್ಲಿ ಟೈಪ್ ಮಾಡಿದರೆ ಕೀಬೋರ್ಡ್ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುತ್ತದೆ. ಮಾಹಿತಿಯನ್ನು ಅಕ್ಷರ, ಅಂಕಿಗಳಾಗಿ ಬರೆಯುವ ಬೇಸ್64ರಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಬೆಲೆಯವಾದ್ದರಿಂದ ಆ ಒಂದು ಅಕ್ಷರ ಸಾಕು ಕೆಡಿಸಲು. ಚಿತ್ರದಲ್ಲಿರುವ ಪಠ್ಯವನ್ನು ಕೈಯಲ್ಲಿ ಬರೆಯುವುದಾದರೆ ಇಬ್ಬರು ಪರಸ್ಪರ ನೋಡದೆ ಬರೆದು ಹೋಲಿಸಿ. ಸೊನ್ನೆ ಮತ್ತು ‘ಓ’, ಒಂದು ಮತ್ತು ಚಿಕ್ಕ ‘ಎಲ್’, ಇಲ್ಲೇ ಜಗಳ ಇರುವುದು.

ಕನ್ನಡ ಪಠ್ಯಕ್ಕೆ ಒಂದು ಎಚ್ಚರಿಕೆ. ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರಗಳಲ್ಲಿ ಸಂದೇಶ ಅಡಗಿಸುವುದು ಪ್ರಚಲಿತ ತಂತ್ರ. ಅದನ್ನು ಹುಡುಕುವ ಉಪಕರಣಗಳೂ ಇವೆ. ಆದರೆ ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ‘ವೇ’ ಒತ್ತಾಗಿ ಕೂರದಂತೆ ತಡೆಯಲು ಅದೇ ಜಾತಿಯ ಅಕ್ಷರವನ್ನು ನಾವು ದಿನವೂ ಬಳಸುತ್ತೇವೆ. ಉಪಕರಣ ಕೆಂಪು ದೀಪ ಹಚ್ಚಿದ ತಕ್ಷಣ ಕುಣಿಯಬೇಡಿ. ಅರ್ಧಾಕ್ಷರದ ನಂತರ ಬಂದಿದ್ದರೆ ಅದು ಬರೀ ಕಾಗುಣಿತ. ಪದಗಳ ನಡುವಿನ ಖಾಲಿ ಜಾಗದಲ್ಲಿ, ಅಥವಾ ಸಾಲಾಗಿ ಎಂಟೆಂಟು ಬಂದಿದ್ದರೆ ಮಾತ್ರ ಅನುಮಾನಿಸಿ.

ಒಂದು ಶೀಟ್, ಪ್ರತಿ ಪ್ರಯತ್ನಕ್ಕೂ ಒಂದು ಸಾಲು

ಚಾಟ್‌ನಲ್ಲಿ ಹೇಳಿದ್ದು ಒಂದು ಗಂಟೆಯಲ್ಲಿ ಮೇಲಕ್ಕೆ ಹೋಗಿ ಕಾಣೆಯಾಗುತ್ತದೆ. ಎಲ್ಲರೂ ತಿದ್ದಬಹುದಾದ ಶೀಟ್ ಒಂದನ್ನು ತೆರೆದು ಈ ಕಾಲಂಗಳನ್ನು ಇಡಿ: ಸುಳಿವಿನ ಸಂಖ್ಯೆ, ಸಿಕ್ಕ ಜಾಗ, ಸಮಯ, ಮೂಲ ಫೈಲ್ ಲಿಂಕ್ ಮತ್ತು ಹ್ಯಾಶ್, ಮಾಡಿದ ಪ್ರಯತ್ನ, ಉಪಕರಣ ಮತ್ತು ಸೆಟ್ಟಿಂಗ್, ಬಂದ ಫಲಿತಾಂಶ, ಮಾಡಿದವರು.

ಇದರಲ್ಲಿ ಜೀವ ಇರುವುದು ಸೆಟ್ಟಿಂಗ್ ಕಾಲಂನಲ್ಲಿ. “ಸೀಸರ್ ನೋಡಿದೆ, ಆಗಲಿಲ್ಲ” (ಪ್ರತಿ ಅಕ್ಷರವನ್ನು ಇಂತಿಷ್ಟು ಸ್ಥಾನ ಸರಿಸುವ ಸೈಫರ್ ಅದು) ಎಂದು ಬರೆದ ಸಾಲು ಬರೆಯದಿದ್ದಕ್ಕಿಂತ ಹಾನಿಕರ, ಯಾಕೆಂದರೆ ಅದನ್ನು ಓದಿದ ಮುಂದಿನವರು ಆ ದಾರಿಯನ್ನೇ ಬಿಡುತ್ತಾರೆ. “ಸೀಸರ್, ಅಕ್ಷರ ಮಾತ್ರ, 1ರಿಂದ 25ರವರೆಗಿನ ಎಲ್ಲ ಸರಿತ, ಅಂಕಿ ಮತ್ತು ಚಿಹ್ನೆ ಮುಟ್ಟಿಲ್ಲ” ಎಂದು ಬರೆದರೆ ಏನು ಬಾಕಿ ಇದೆ ಎಂಬುದು ತಾನೇ ಕಾಣುತ್ತದೆ. ವಿಫಲ ಪ್ರಯತ್ನಗಳನ್ನು ಯಾವತ್ತೂ ಅಳಿಸಬೇಡಿ.

ಒಂದು ಸುಳಿವಿಗೆ ಮೂರರಿಂದ ಐದು ಜನ ಸಾಕು. ಮೊದಲ ಹತ್ತು ನಿಮಿಷ ಯಾರೂ ಮಾತಾಡದೆ ತಂತಮ್ಮ ಊಹೆಯನ್ನು ಶೀಟ್‌ನಲ್ಲಿ ಬರೆಯಲಿ. ಗಟ್ಟಿ ದನಿಯವರೊಬ್ಬರು “ಇದು ವಿಜನೇರ್ ಕಣ್ರೀ” (ಒಂದು ಕೀಲಿ ಪದಕ್ಕೆ ತಕ್ಕಂತೆ ಅಕ್ಷರಗಳನ್ನು ಬೇರೆ ಬೇರೆ ಸ್ಥಾನ ಸರಿಸುವ ಸೈಫರ್) ಎಂದುಬಿಟ್ಟರೆ ಉಳಿದವರ ಕಣ್ಣಿಗೆ ಬೇರೇನೂ ಬೀಳುವುದಿಲ್ಲ. ಆಮೇಲೆ ಊಹೆಗಳನ್ನು ಹಂಚಿಕೊಳ್ಳಿ. ಒಂದು ಊಹೆಯನ್ನು ಹಿಡಿದವರು ಅದರ ಮುಂದೆ ತಮ್ಮ ಹೆಸರು, ಸಮಯ ಬರೆದುಕೊಳ್ಳಲಿ. ಅರ್ಧ ಗಂಟೆಯಲ್ಲಿ ಸುದ್ದಿ ಇಲ್ಲದಿದ್ದರೆ ಅದು ಮತ್ತೆ ಎಲ್ಲರಿಗೂ ಮುಕ್ತ. ಒಬ್ಬರು ಬಿಡಿಸುವ ಕೆಲಸಕ್ಕೇ ಕೈ ಹಾಕದೆ ಶೀಟ್ ಮಾತ್ರ ನೋಡಿಕೊಂಡರೆ ಗುಂಪಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಗುರುತು ಹಿಡಿಯುವುದು

ಅಕ್ಷರಗಳ ಗುಂಪನ್ನು ನೋಡಿದಾಗ ಮೊದಲು ಅದರಲ್ಲಿ ಎಷ್ಟು ಬಗೆಯ ಅಕ್ಷರಗಳಿವೆ ಎಂದು ಎಣಿಸಿ. 0ರಿಂದ 9 ಮತ್ತು ‘ಎ’ಯಿಂದ ‘ಎಫ್’ ಮಾತ್ರ ಇದ್ದರೆ ಹೆಕ್ಸ್, ಅಂದರೆ ಹದಿನಾರರ ಎಣಿಕೆ. ದೊಡ್ಡಕ್ಷರಗಳು ಮತ್ತು 2ರಿಂದ 7ರ ಅಂಕಿಗಳಷ್ಟೇ ಇದ್ದರೆ ಬೇಸ್32. ದೊಡ್ಡದು, ಚಿಕ್ಕದು, ಅಂಕಿ ಎಲ್ಲ ಬೆರೆತು, ಉದ್ದ ನಾಲ್ಕರಿಂದ ಭಾಗವಾಗಿ, ಕೊನೆಯಲ್ಲಿ ಒಂದೋ ಎರಡೋ ಸಮ ಚಿಹ್ನೆ (=) ಇದ್ದರೆ ಬೇಸ್64. ಇವು ಯಾವುವೂ ಗುಪ್ತಲಿಪಿಯಲ್ಲ, ಬರೀ ವೇಷ, ಕೀಲಿ ಬೇಕಿಲ್ಲ. ಇಂಥ ವೇಷ ಕಳಚುವ ಉಪಕರಣ ಸೈಬರ್‌ಶೆಫ್ ಬ್ರೌಸರ್‌ನಲ್ಲೇ ಓಡುತ್ತದೆ, ಅದರ ‘ಮ್ಯಾಜಿಕ್’ ಆಯ್ಕೆ ಇವನ್ನು ಬೇಗ ಹಿಡಿಯುತ್ತದೆ. ಬಂದದ್ದು ಕಸದಂತೆ ಕಂಡರೆ ಎಸೆಯುವ ಮೊದಲು ಮೊದಲ ನಾಲ್ಕು ಬೈಟ್‌ಗಳನ್ನು ಹೆಕ್ಸ್‌ನಲ್ಲಿ ನೋಡಿ: 89 50 4ಇ 47 ಇದ್ದರೆ ಅದು ಪಿಎನ್‌ಜಿ ಚಿತ್ರ, 50 4ಬಿ 03 04 ಇದ್ದರೆ ಜಿಪ್, ಎಫ್ಎಫ್ ಡಿ8 ಎಫ್ಎಫ್‌ನಿಂದ ಶುರುವಾದರೆ ಜೆಪೆಗ್.

ಕನ್ನಡದಲ್ಲೇ ಕಟ್ಟಿದ ಒಗಟಾದರೆ ಅಕ್ಷರಗಳಲ್ಲಿ ಸಂಖ್ಯೆ ಅಡಗಿಸುವ ಹಳೆಯ ಪದ್ಧತಿಯಾದ ಕಟಪಯಾದಿಯನ್ನೂ ಪಟ್ಟಿಯಲ್ಲಿಡಿ. ವ್ಯಂಜನಕ್ಕೊಂದು ಅಂಕಿ, ಒತ್ತಕ್ಷರದಲ್ಲಿ ಕೊನೆಯ ವ್ಯಂಜನಕ್ಕೆ ಮಾತ್ರ ಬೆಲೆ, ಬಂದ ಸಂಖ್ಯೆಯನ್ನು ಬಲದಿಂದ ಎಡಕ್ಕೆ ಓದಬೇಕು. ಮೇಚಕಲ್ಯಾಣಿ ರಾಗದ ಹೆಸರಿನ ಮೊದಲೆರಡು ಅಕ್ಷರ ನೋಡಿ: ‘ಮ’ ಅಂದರೆ 5, ‘ಚ’ ಅಂದರೆ 6, ತಿರುಗಿಸಿದರೆ 65. ಆ ರಾಗದ ಮೇಳಕರ್ತ ಸಂಖ್ಯೆ (ಕರ್ನಾಟಕ ಸಂಗೀತದ ಮೂಲ ರಾಗಗಳ ಪಟ್ಟಿಯಲ್ಲಿನ ಸ್ಥಾನ) ಅದೇ. ತಿರುಗಿಸಲು ಮರೆತು 56 ಹಿಡಿದು ಕೂರುವುದೇ ಇಲ್ಲಿನ ಸಾಮಾನ್ಯ ತಪ್ಪು.

ಪದರ ಪದರವಾಗಿ: ಒಂದು ನಿಜ ಉದಾಹರಣೆ

2012ರ ಜನವರಿಯಲ್ಲಿ ಸಿಕಾಡಾ 3301 ಎಂದು ಹೆಸರಾದ ಅನಾಮಧೇಯ ಗುಂಪಿನ ಒಗಟಿನ ಚಿತ್ರವೊಂದು ಅಂತರ್ಜಾಲದಲ್ಲಿ ಬಂತು. ಅದನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಕೊನೆಯಲ್ಲಿ ಟೈಬೀರಿಯಸ್ ಕ್ಲಾಡಿಯಸ್ ಸೀಸರ್ ಹೇಳುತ್ತಾನೆ ಎಂಬ ಸಾಲು, ಅದರ ಮುಂದೆ ‘ಎಲ್ ಎಕ್ಸ್ ಎಕ್ಸ್ ಟಿ > 3 3’ ಎಂದು ಶುರುವಾಗುವ ಅಕ್ಷರಗಳು. ಹೆಸರಿನಲ್ಲೇ ಎರಡು ಸುಳಿವಿದೆ. ಸೀಸರ್ ಅಂದರೆ ಅಕ್ಷರಗಳನ್ನು ಸರಿಸುವ ವಿಧಾನ. ಕ್ಲಾಡಿಯಸ್ ರೋಮ್‌ನ ನಾಲ್ಕನೆಯ ಚಕ್ರವರ್ತಿ, ಅಂದರೆ ನಾಲ್ಕು ಸ್ಥಾನ.

ಈಗ ಆಸ್ಕಿ ಸಂಖ್ಯೆಗಳಲ್ಲಿ (ಪ್ರತಿ ಅಕ್ಷರಕ್ಕೂ ಕಂಪ್ಯೂಟರ್ ಬಳಸುವ ಸಂಖ್ಯೆ) ನೋಡಿ. ‘ಎಲ್’ 108, ನಾಲ್ಕು ಕಳೆದರೆ 104, ಅದು ‘ಎಚ್’. ‘ಎಕ್ಸ್’ 120, ಕಳೆದರೆ 116, ‘ಟಿ’. ‘ಟಿ’ 116, ಕಳೆದರೆ 112, ‘ಪಿ’. > ಚಿಹ್ನೆ 62, ಕಳೆದರೆ 58, ಅದು ಕೋಲನ್. 3ರ ಅಂಕಿ 51, ಕಳೆದರೆ 47, ಅದು ಓರೆಗೆರೆ. ಎಚ್‌ಟಿಟಿಪಿ, ಕೋಲನ್, ಎರಡು ಓರೆಗೆರೆ: ವೆಬ್ ವಿಳಾಸ ಮೂಡಿತು. ಅಕ್ಷರಗಳನ್ನಷ್ಟೇ ಸರಿಸುವ ಸೀಸರ್ ಉಪಕರಣದಲ್ಲಿ ಹಾಕಿದ್ದರೆ ಆರಂಭದ ನಾಲ್ಕು ಅಕ್ಷರ ಸರಿ ಬಂದು, ಅಂಕಿ ಮತ್ತು ಚಿಹ್ನೆ ಹಾಗೇ ಉಳಿದು, ಲಿಂಕ್ ತೆರೆಯುತ್ತಲೇ ಇರಲಿಲ್ಲ. ಸೈಬರ್‌ಶೆಫ್‌ನಲ್ಲಿ ಇದಕ್ಕೆ ಅಂಕಿ, ಚಿಹ್ನೆಗಳನ್ನೂ ಸರಿಸುವ ರಾಟ್47 ತೆಗೆದುಕೊಂಡು ಸರಿತವನ್ನು −4 ಮಾಡಬೇಕು. ಶೀಟ್‌ನಲ್ಲಿ “ಚಿಹ್ನೆ ಮುಟ್ಟಿಲ್ಲ” ಎಂದು ಬರೆಯಿರಿ ಎಂದದ್ದು ಇಂಥ ಹೊತ್ತಿಗೇ.

ಆ ವಿಳಾಸದಲ್ಲಿದ್ದದ್ದು ಒಂದು ಬಾತುಕೋಳಿಯ ಚಿತ್ರ; ಇಲ್ಲಿ ಬರೀ ಮರುಳುಗೊಳಿಸುವ ಬೊಂಬೆಗಳಿವೆ, ಸಂದೇಶವನ್ನು ಹೊರತೆಗೆಯುವುದು ಹೇಗೆಂದು ನಿಮಗೆ ಊಹಿಸಲಾಗಲಿಲ್ಲ ಎಂಬ ಮಾತು. ಎಷ್ಟೋ ಜನ ದಾರಿ ಮುಗಿಯಿತೆಂದು ತಿರುಗಬಹುದಾದ ಜಾಗ ಅದು. ಆದರೆ ಆ ಇಂಗ್ಲಿಷ್ ವಾಕ್ಯದಲ್ಲಿ ‘ಗೆಸ್’ ಮತ್ತು ‘ಔಟ್’ ಎಂಬ ಎರಡು ಪದಗಳಿದ್ದವು, ಜೆಪೆಗ್ ಒಳಗೆ ಸಂದೇಶ ಅಡಗಿಸುವ ಉಪಕರಣದ ಹೆಸರು ಔಟ್‌ಗೆಸ್. ಅದನ್ನು ಓಡಿಸಿದಾಗ ಮುಂದಿನ ಸಂದೇಶ ಹೊರಬಂತು. ಒಳ್ಳೆಯ ಒಗಟು ತನ್ನ ಕೀಲಿಯನ್ನು ತನ್ನ ಪಕ್ಕದಲ್ಲೇ ಇಟ್ಟಿರುತ್ತದೆ. ಸುಮ್ಮನೆ ಹೇಳಿದ ಮಾತು, ವಿಚಿತ್ರ ಕಾಗುಣಿತ, ಫೈಲ್ ಹೆಸರು, ಇವನ್ನು ಉಪಕರಣಗಳಿಗಿಂತ ಮೊದಲು ಓದಿ.

ಕೀಲಿ ಪದ ಇರುವ ಸೈಫರ್, ಮತ್ತು ಧ್ವನಿ

ವಿಜನೇರ್ ಎಂಬ ಅನುಮಾನ ಬಂದರೆ ಕೀಲಿ ಪದವನ್ನು ಕುರುಡಾಗಿ ಊಹಿಸುವ ಮೊದಲು ಅದರ ಉದ್ದ ಹುಡುಕಿ. ಪಠ್ಯದಲ್ಲಿ ಮತ್ತೆ ಮತ್ತೆ ಬರುವ ಮೂರಕ್ಷರದ ತುಣುಕು ಗುರುತಿಸಿ. 12, 42 ಮತ್ತು 87ನೇ ಸ್ಥಾನಗಳಲ್ಲಿ ಒಂದೇ ತುಣುಕು ಬಂದಿದ್ದರೆ ಅಂತರ 30 ಮತ್ತು 45. ಎರಡನ್ನೂ ಭಾಗಿಸುವುದು 3, 5, 15; ಕೀಲಿಯ ಉದ್ದ ಇವುಗಳಲ್ಲೊಂದಾಗಿರಬಹುದು. ಈಗ ಪ್ರತಿ ಐದನೆಯ ಅಕ್ಷರವನ್ನು ಬೇರ್ಪಡಿಸಿ ಕೋಇನ್ಸಿಡೆನ್ಸ್ ಸೂಚ್ಯಂಕ (ಮನಬಂದಂತೆ ಆರಿಸಿದ ಎರಡು ಅಕ್ಷರ ಒಂದೇ ಆಗಿರುವ ಸಾಧ್ಯತೆ) ನೋಡಿ. ಇಂಗ್ಲಿಷ್ ಪಠ್ಯಕ್ಕೆ ಅದು ಸುಮಾರು 0.067, ಮನಬಂದಂತೆ ಬೆರೆತ ಅಕ್ಷರಗಳಿಗೆ ಸುಮಾರು 0.038. ಐದಕ್ಕೆ 0.065ರ ಹತ್ತಿರ ಬಂದರೆ ಉದ್ದ ಐದು. ನೂರು ಅಕ್ಷರಕ್ಕಿಂತ ಚಿಕ್ಕ ಪಠ್ಯದಲ್ಲಿ ಈ ಲೆಕ್ಕವನ್ನು ನಂಬಬೇಡಿ. ಅಲ್ಲಿ ಕಥೆಯಲ್ಲಿ ಬಂದ ಹೆಸರು, ಊರು, ಪದೇ ಪದೇ ಕೇಳಿದ ಪದಗಳನ್ನು ಕೀಲಿಯಾಗಿ ಹಾಕಿ ನೋಡುವುದೇ ಸರಿ.

ಧ್ವನಿ ಫೈಲನ್ನು ಧ್ವನಿ ತಿದ್ದುವ ಪ್ರೋಗ್ರಾಂ ಆಡಾಸಿಟಿಯಲ್ಲಿ ತೆರೆದು ಟ್ರ್ಯಾಕ್ ಮೆನುವಿನಿಂದ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂ ನೋಟಕ್ಕೆ ಹೋಗಿ. ಮೇಲಿನ ಮಿತಿ 8000 ಹರ್ಟ್ಸ್‌ನಲ್ಲಿ ನಿಂತಿದ್ದರೆ 20000ಕ್ಕೆ ಏರಿಸಿ, ವಿಂಡೋ ಗಾತ್ರ 2048 ಅಥವಾ 4096 ಇಡಿ. ಚಿತ್ರ ಮಸುಕಾಗಿದ್ದರೆ ಮೂಲ ಡಬ್ಲ್ಯೂಎವಿ ಅಥವಾ ಫ್ಲಾಕ್ ಸಿಗುತ್ತದೆಯೇ ಹುಡುಕಿ, ಯಾಕೆಂದರೆ ಕಡಿಮೆ ಗುಣಮಟ್ಟದ ಎಂಪಿ3 ಮೇಲಿನ ಆವರ್ತನಗಳನ್ನು ಕತ್ತರಿಸಿ ಹಾಕಿರುತ್ತದೆ. ಸ್ಟೀರಿಯೋ ಆದರೆ ಒಂದು ಚಾನೆಲನ್ನು ಇನ್ವರ್ಟ್ ಮಾಡಿ ಎರಡನ್ನೂ ಬೆರೆಸಿ. ಎರಡರಲ್ಲೂ ಇರುವುದು ಅಳಿದು, ಒಂದರಲ್ಲಿ ಮಾತ್ರ ಅಡಗಿದ್ದದ್ದು ಉಳಿಯುತ್ತದೆ.

ಉತ್ತರ ನಿಜವೇ?

ಉತ್ತರ ಬಂತೆಂದು ಕೂಗುವ ಮೊದಲು ಬಿಡಿಸದೆ ಇದ್ದ ಒಬ್ಬರು ಶೀಟ್‌ನ ಸಾಲನ್ನಷ್ಟೇ ಓದಿ, ಮೂಲ ಫೈಲ್‌ನಿಂದ ಶುರುಮಾಡಿ, ಅದೇ ಉತ್ತರ ತರಬೇಕು. ಅವರಿಗೆ ಬರದಿದ್ದರೆ ಒಂದೋ ಹೆಜ್ಜೆ ತಪ್ಪಿದೆ, ಇಲ್ಲವೇ ಬರೆದಿಟ್ಟಿಲ್ಲ.

ಎರಡನೆಯ ಪರೀಕ್ಷೆ: ಏನಾದರೂ ಮಿಕ್ಕಿದೆಯೇ? ಸುಳಿವಿನಲ್ಲಿ ಐದು ಸಂಖ್ಯೆಗಳಿದ್ದು ನಿಮ್ಮ ಉತ್ತರ ನಾಲ್ಕನ್ನೇ ಬಳಸಿದ್ದರೆ ಅದು ಬಹುಶಃ ತಪ್ಪು. “ಇಲ್ಲೊಂದು ಅಕ್ಷರ ಬಿಟ್ಟರೆ, ಅಲ್ಲಿ ತಿರುಗಿಸಿದರೆ, ಇದೊಂದು ಕಾಗುಣಿತದ ತಪ್ಪು ಅಂದುಕೊಂಡರೆ” ಎಂದು ಮೂರು ರಿಯಾಯಿತಿ ಕೊಟ್ಟಾಗ ಯಾವ ಪದವನ್ನು ಬೇಕಾದರೂ ಹೊರಡಿಸಬಹುದು. ಒಂದಕ್ಕಿಂತ ಹೆಚ್ಚು ರಿಯಾಯಿತಿ ಕೇಳುವ ಉತ್ತರವನ್ನು ಶೀಟ್‌ನಲ್ಲಿ ‘ಅನುಮಾನ’ ಎಂದೇ ಗುರುತಿಸಿ.

ಮೂರನೆಯದು, ಇದು ಆಟದ್ದೇ ಹೌದೇ ಎಂಬುದು. ಜನಪ್ರಿಯ ಆಟಕ್ಕೆ ನಕಲಿ ಸುಳಿವು ತಯಾರಿಸುವವರು ಬಂದೇ ಬರುತ್ತಾರೆ. ಸಿಕಾಡಾ ತನ್ನ ಸಂದೇಶಗಳಿಗೆ ಬೇರೆಯವರು ನಕಲು ಮಾಡಲಾಗದ ಪಿಜಿಪಿ ಡಿಜಿಟಲ್ ಸಹಿ ಹಾಕುತ್ತಿದ್ದದ್ದರಿಂದ ನಕಲಿಯನ್ನು ಬೇರ್ಪಡಿಸುವುದು ಸಾಧ್ಯವಾಗಿತ್ತು. ಸಹಿ ಇಲ್ಲದ ಆಟದಲ್ಲಿ ಖಚಿತವಾದ ಹಿಂದಿನ ಸುಳಿವಿನಿಂದ ನೇರ ದಾರಿ ಇರುವುದನ್ನು ಮಾತ್ರ ಒಪ್ಪಿಕೊಳ್ಳಿ.

ಸಿಕ್ಕಿಹಾಕಿಕೊಂಡಾಗ

ಎರಡು ಗಂಟೆ ಏನೂ ಕದಲದಿದ್ದರೆ ಶೀಟನ್ನು ಮೇಲಿನಿಂದ ಓದಿ, ಪ್ರತಿ ವಿಫಲ ಸಾಲಿನಲ್ಲೂ ಯಾವ ನಂಬಿಕೆಯನ್ನು ಪರೀಕ್ಷಿಸಿಲ್ಲ ಎಂದು ಕೇಳಿಕೊಳ್ಳಿ. ಭಾಷೆ ಇಂಗ್ಲಿಷೇ ಎಂದೇಕೆ ಅಂದುಕೊಂಡಿರಿ? ಎಡದಿಂದಲೇ ಏಕೆ ಓದಿದಿರಿ? ಪುಟ, ಸಾಲು, ಪದದ ಸಂಖ್ಯೆ ಹಿಡಿದು ಒಂದು ಪುಸ್ತಕದಿಂದ ಪದ ಹುಡುಕುವ ಪುಸ್ತಕ ಸೈಫರ್ ಆದರೆ ಅದೇ ಆವೃತ್ತಿ ನಿಮ್ಮ ಬಳಿ ಇದೆಯೇ? ಆವೃತ್ತಿ ಬದಲಾದರೆ ಪುಟವೂ ಬದಲು, ಬರುವುದೆಲ್ಲ ಕಸ. ಕೆಲವೊಮ್ಮೆ ಸುಳಿವಿನ ಇನ್ನರ್ಧ ಇನ್ನೂ ಬಿಡುಗಡೆಯೇ ಆಗಿರುವುದಿಲ್ಲ. ಕಾಯುವುದೂ ಒಂದು ಹೆಜ್ಜೆಯೇ. 2004ರ ‘ಐ ಲವ್ ಬೀಸ್’ ಎಂಬ ಎಆರ್‌ಜಿಯಲ್ಲಿ ಸಿಕ್ಕ ಜಿಪಿಎಸ್ ಸ್ಥಾನಗಳು ಮತ್ತು ಸಮಯಗಳು ಯಾವ ಸೈಫರೂ ಆಗಿರಲಿಲ್ಲ. ಹೇಳಿದ ಹೊತ್ತಿಗೆ ಆ ಜಾಗದ ಸಾರ್ವಜನಿಕ ಫೋನ್ ರಿಂಗ್ ಆಗುತ್ತಿತ್ತು, ಯಾರಾದರೂ ಅಲ್ಲಿರಬೇಕಿತ್ತು.

ಗಡಿ ಒಂದು ಇದೆ, ಅದನ್ನು ಗುಂಪಿನ ಮೊದಲ ಸಂದೇಶದಲ್ಲೇ ಪಿನ್ ಮಾಡಿ. ಪಾಸ್‌ವರ್ಡ್ ಪೆಟ್ಟಿಗೆಗೆ ಸಾವಿರಾರು ಊಹೆಗಳನ್ನು ಸ್ಕ್ರಿಪ್ಟ್‌ನಿಂದ ಸುರಿಯಬಾರದು. ಸರ್ವರ್ ಬಿದ್ದರೆ ಆಟ ಎಲ್ಲರಿಗೂ ನಿಲ್ಲುತ್ತದೆ. ಡೊಮೇನ್ ನೋಂದಣಿ ಮಾಹಿತಿಯಲ್ಲಿ ನಿಜ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ಬಿಡಿ, ಫೋನ್ ಮಾಡುವುದು, ಮನೆ ಹುಡುಕುವುದು ಬೇಡ. ಖಾಸಗಿ ಜಾಗಕ್ಕೆ ನುಗ್ಗಲು, ಹಣ ಕಳಿಸಲು ಅಥವಾ ಗೊತ್ತಿಲ್ಲದ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಲು ಹೇಳುವ ಸುಳಿವು ಬಂದರೆ ಅದನ್ನು ನಕಲಿ ಎಂದೇ ತಿಳಿಯಿರಿ. ಓಡಿಸಲೇಬೇಕಾದ ಫೈಲ್ ಇದ್ದರೆ ವರ್ಚುವಲ್ ಮೆಷಿನ್ (ಕಂಪ್ಯೂಟರ್ ಒಳಗೇ ಓಡುವ ಪ್ರತ್ಯೇಕ ಕಂಪ್ಯೂಟರ್) ಒಳಗೆ, ಒಬ್ಬರು ಮಾತ್ರ ಓಡಿಸಲಿ.

ತಡವಾಗಿ ಸೇರುವವರಿಗೆಂದು ಒಂದು ಪುಟ ಇಡಿ: ಇಲ್ಲಿಯವರೆಗೆ ಖಚಿತವಾದ ಹೆಜ್ಜೆಗಳು ಕ್ರಮವಾಗಿ, ಪ್ರತಿಯೊಂದಕ್ಕೂ ಎರಡು ಸಾಲು, ಕೊನೆಯಲ್ಲಿ ಈಗ ಯಾವ ಸುಳಿವು ಬಾಕಿ ಇದೆ ಎಂಬುದು. ಪ್ರತಿ ಸಲ ಒಂದು ಸುಳಿವು ಬಿಡಿಸಿದಾಗ ಆ ಪುಟವನ್ನು ಮುಂದಿನ ಸುಳಿವಿಗೆ ಕೈ ಹಾಕುವ ಮೊದಲೇ ತಿದ್ದಿ. ಹೊಸಬರಿಗೆ ಅದನ್ನು ಕೊಟ್ಟು, ಓದಿದ ಮೇಲೆ ಬಾಕಿ ಸುಳಿವನ್ನು ಮಾತ್ರ ತೋರಿಸಿ; ಹಳಬರ ಊಹೆಗಳನ್ನು ಅವರು ತಮ್ಮದನ್ನು ಬರೆದ ಮೇಲೆ ನೋಡಲಿ.