ಸ್ಟ್ರೀಮಿಂಗ್ ಸ್ಟಿಕ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದ್ದರೆ
ತುಮಕೂರಿನ ನಮ್ಮ ಬಡಾವಣೆಯಲ್ಲಿ ಹಲವರು, ಟಿವಿಗೆ ಸಿಕ್ಕಿಸಿದ ಸ್ಟ್ರೀಮಿಂಗ್ ಸ್ಟಿಕ್ (ಇಂಟರ್ನೆಟ್ಟಿನ ಕಾರ್ಯಕ್ರಮಗಳನ್ನು ಟಿವಿಯಲ್ಲಿ ತೋರಿಸುವ ಪುಟ್ಟ ಸಾಧನ) ಕಾರ್ಯಕ್ರಮದ ನಡುವೆಯೇ ತಾನಾಗಿ ರೀಸ್ಟಾರ್ಟ್ ಆಗುತ್ತದೆಂದು ಬೇಸತ್ತು ಹೊಸದನ್ನು ಕೊಳ್ಳಲು ಹೊರಟಿದ್ದಾರೆ. ದಯವಿಟ್ಟು ಅದಕ್ಕೂ ಮೊದಲು ಟಿವಿಯ ಹಿಂಬದಿಯನ್ನೊಮ್ಮೆ ನೋಡಿ. ಸ್ಟಿಕ್‌ನ ವೈರು ಟಿವಿಯದೇ ಯುಎಸ್‌ಬಿ ಪೋರ್ಟ್‌ಗೆ ಸೇರಿದ್ದರೆ ತೊಂದರೆಯ ಮೂಲ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಯುಎಸ್‌ಬಿ 2.0 ಪೋರ್ಟ್ ಸಾಮಾನ್ಯವಾಗಿ 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್, ಅಂದರೆ ಅರ್ಧ ಆಂಪಿಯರ್ ಕರೆಂಟು ಕೊಡುವಂತೆ ರೂಪಿತವಾಗಿದೆ. ಅನೇಕ ಸ್ಟಿಕ್‌ಗಳ ಜೊತೆಗೆ ಬರುವ ಅಡಾಪ್ಟರ್ 1 ಆಂಪಿಯರ್‌ನದು. ಹಾಗಾಗಿ ಹೆಚ್ಚು ಸ್ಪಷ್ಟತೆಯ ವಿಡಿಯೊ ಓಡುವಾಗ, ಇಲ್ಲವೇ ಅಪ್‌ಡೇಟ್ ಇಳಿಯುವಾಗ, ಕರೆಂಟು ಸಾಲದೆ ಸ್ಟಿಕ್ ಕೈಕೊಡುತ್ತದೆ. ಪೆಟ್ಟಿಗೆಯಲ್ಲಿ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಿ, ಆ ಮೂಲಕವೇ ಸ್ಟಿಕ್ ನಡೆಸಿ. ಅಪ್‌ಡೇಟ್ ಅರ್ಧಕ್ಕೆ ನಿಂತು ಸ್ಟಿಕ್ ಪೂರ್ತಿ ಕೆಡುವ ಅಪಾಯವೂ ಇದರಿಂದ ತಗ್ಗುತ್ತದೆ.

ಪರದೆಯ ಮೇಲೆ ಚಕ್ರ ಸುತ್ತುತ್ತಾ ಚಿತ್ರ ನಿಲ್ಲುವುದು ಬೇರೆ ತೊಂದರೆ; ಅದಕ್ಕೆ ವೈಫೈ ನೋಡಿ. ರೌಟರ್ ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ವೈಫೈ ಆರಿಸಿ; ನಡುವೆ ದಪ್ಪ ಗೋಡೆಗಳಿದ್ದರೆ 2.4 ಗಿಗಾಹರ್ಟ್ಸ್ ಹೆಚ್ಚು ನಂಬಿಕಸ್ಥ.

ವಯಸ್ಸಾದವರಷ್ಟೇ ಇರುವ ಮನೆಗಳಲ್ಲಿ ಟಿವಿಯ ಹಿಂದೆ ಕೈಹಾಕುವುದು ಕಷ್ಟವಾದ್ದರಿಂದ, ಅಕ್ಕಪಕ್ಕದವರು ದಯಮಾಡಿ ಸ್ಟಿಕ್ಕಿನ ವೈರನ್ನು ಟಿವಿಯಿಂದ ಅಡಾಪ್ಟರಿಗೆ ಬದಲಿಸಿಕೊಟ್ಟು ಬನ್ನಿ.